ಬೀದರಿನ ನೇರ ಉತ್ತರಕ್ಕೆ: ಲಡಾಖಿನ ನೆಲ, ನೀರು, ಗುರುತುಗಳನ್ನು ಓದಿಕೊಳ್ಳುವ ಬಗೆ

ಭಾರತದ ಭೂಪಟವನ್ನು ಮೇಜಿನ ಮೇಲೆ ಹರವಿ, ಬೀದರಿನ ಚುಕ್ಕೆಗೆ ಅಡಿಪಟ್ಟಿ ತಾಗಿಸಿ ನೇರ ಉತ್ತರಕ್ಕೆ ಗೆರೆ ಎಳೆದರೆ, ಆ ಗೆರೆ ಲೇಹ್ ಪಟ್ಟಣವನ್ನೇ ಹೋಗಿ ಮುಟ್ಟುತ್ತದೆ. ಎರಡೂ ಊರುಗಳು 77.5 ಡಿಗ್ರಿ ಪೂರ್ವ ರೇಖಾಂಶದ ಆಸುಪಾಸಿನಲ್ಲಿವೆ. ಯಾದಗಿರಿಯಿಂದ ಎಳೆದ ಗೆರೆ ಹಳೆಯ ಭಿತ್ತಿಚಿತ್ರಗಳಿರುವ ಆಲ್ಚಿ ಗ್ರಾಮದ ಬಳಿ ಹಾಯುತ್ತದೆ. ಕಲಬುರಗಿಯಿಂದ ಎಳೆದದ್ದು ಝನ್ಸ್ಕಾರ್ ಕಣಿವೆಯ ಪದುಮ್ ಊರಿನ ಮೇಲೆ ಹೋಗುತ್ತದೆ. ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುವ ಹೊತ್ತಿಗೇ ಅಲ್ಲಿಯೂ ನಡುಮಧ್ಯಾಹ್ನ. ನಡುವಿನ ಅಂತರ ಸುಮಾರು 1,800 ಕಿಲೋಮೀಟರ್. ಆದರೆ ನಾವಿರುವುದು ಸಮುದ್ರಮಟ್ಟದಿಂದ ಆರೇಳುನೂರು ಮೀಟರಿನೊಳಗೆ, ಲೇಹ್ ಇರುವುದು 3,500 ಮೀಟರಿನಲ್ಲಿ. ಶ್ರಾವಣದಲ್ಲಿ ಮೋಡ ಕಟ್ಟಿಕೊಂಡು ನಾಲ್ಕು ದಿನ ಸುರಿದರೆ ನಮ್ಮ ಹೊಲಕ್ಕೆ ಬೀಳುವಷ್ಟು ನೀರು, ಅಂದರೆ ಸುಮಾರು 100 ಮಿಲಿಮೀಟರ್, ಅಲ್ಲಿ ಇಡೀ ವರ್ಷದ ಪಾಲು.

ಈಚಿನ ವರ್ಷಗಳಲ್ಲಿ ನಮ್ಮ ಮೂರೂ ಜಿಲ್ಲೆಗಳಿಂದ ಬೇಸಿಗೆಯಲ್ಲಿ ಲಡಾಖಿಗೆ ಹೋಗಿಬರುವವರು ಹೆಚ್ಚಾಗಿದ್ದಾರೆ. ಮರಳಿ ಬಂದವರ ಫೋನಿನಲ್ಲಿ ನೂರಾರು ಚಿತ್ರಗಳಿರುತ್ತವೆ. ಆದರೆ ‘ಈ ಹೊಳೆ ಯಾವುದು, ಈ ಗುಡ್ಡದ ಆಚೆ ಏನಿದೆ’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ತಪ್ಪು ಅವರದಲ್ಲ. ಮರ, ಹೊಲ, ಊರುಗಳ ನಡುವೆ ದಾರಿ ಗುರುತು ಹಿಡಿದು ರೂಢಿಯಾದ ಕಣ್ಣಿಗೆ ಬೋಳು ಬೆಟ್ಟಗಳೆಲ್ಲ ಒಂದೇ ಥರ ಕಾಣುತ್ತವೆ. ನಾನು ಮೊದಲ ಸಲ ಹೋದಾಗ ನನಗೂ ಹಾಗೆಯೇ ಆಗಿತ್ತು. ಎರಡನೆಯ ಸಲ ಹೊರಡುವ ಮುನ್ನ ಒಂದು ವಾರ ಭೂಪಟದ ಮುಂದೆ ಕುಳಿತೆ. ಆಗ ಕಲಿತದ್ದನ್ನು, ಹೋಗಿ ನೋಡಿ ತಿದ್ದಿಕೊಂಡದ್ದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ. ನನ್ನ ಅನುಭವದಲ್ಲಿ ಲಡಾಖಿನಲ್ಲಿ ಸ್ಥಳಗಳ ಪಟ್ಟಿಯನ್ನು ಬಾಯಿಪಾಠ ಮಾಡಿ ಉಪಯೋಗವಿಲ್ಲ. ಬೆಟ್ಟಸಾಲುಗಳನ್ನೂ ಅವುಗಳ ನಡುವೆ ಹರಿಯುವ ನೀರನ್ನೂ ಮೊದಲು ಹಿಡಿಯಬೇಕು. ಮಿಕ್ಕ ಗುರುತುಗಳು ತಾವಾಗಿ ತಮ್ಮ ಜಾಗಕ್ಕೆ ಬಂದು ಕೂಡುತ್ತವೆ.

ಕೂರಿಗೆಯ ಸಾಲಿನಂತೆ ನಾಲ್ಕು ಗೆರೆ

ಒಂದು ಹಾಳೆ ತೆಗೆದುಕೊಂಡು ಎಡ ಮೇಲ್ಮೂಲೆಯ ಕಡೆಯಿಂದ ಬಲ ಕೆಳಮೂಲೆಯ ಕಡೆಗೆ, ಅಂದರೆ ವಾಯವ್ಯದಿಂದ ಆಗ್ನೇಯಕ್ಕೆ, ಕೂರಿಗೆ ಹೊಡೆದಂತೆ ಒಂದರ ಪಕ್ಕ ಒಂದು ನಾಲ್ಕು ಓರೆ ಗೆರೆಗಳನ್ನು ಎಳೆಯಿರಿ. ಕೆಳಗಿನದು ಮಹಾ ಹಿಮಾಲಯ, ಅದರ ಮೇಲಿನದು ಝನ್ಸ್ಕಾರ್ ಶ್ರೇಣಿ, ಮೂರನೆಯದು ಲಡಾಖ್ ಶ್ರೇಣಿ, ಎಲ್ಲಕ್ಕಿಂತ ಮೇಲಿನದು ಕಾರಕೋರಂ. ನಾಲ್ಕು ದಿಂಡುಗಳ ನಡುವೆ ಮೂರು ಸಾಲುಗಳು ಉಳಿಯುತ್ತವೆ. ಮೊದಲ ಸಾಲಿನಲ್ಲಿ ಸುರು ಮತ್ತು ಝನ್ಸ್ಕಾರ್ ಕಣಿವೆಗಳು, ಎರಡನೆಯದರಲ್ಲಿ ಸಿಂಧೂ ನದಿ, ಮೂರನೆಯದರಲ್ಲಿ ಶ್ಯೋಕ್ ಮತ್ತು ಅದನ್ನು ಸೇರುವ ನುಬ್ರಾ. ಈ ಹಾಳೆಯನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಳ್ಳಿ. ಫೋನಿನ ನಕ್ಷೆಗಿಂತ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ. ಸಿಗ್ನಲ್ ಅಲ್ಲಿ ಊರು ದಾಟಿದರೆ ಸಿಗುವುದು ಅಪರೂಪ, ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಂತೂ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು.

ಮಳೆ ಏಕೆ ಇಲ್ಲ ಎಂಬುದೂ ಇದೇ ಹಾಳೆಯಲ್ಲಿದೆ. ಮುಂಗಾರಿನ ಮೋಡ ದಕ್ಷಿಣದಿಂದ ಬಂದು ಕೆಳಗಿನ ಗೆರೆಗೆ, ಅಂದರೆ ಮಹಾ ಹಿಮಾಲಯಕ್ಕೆ, ಬಡಿದು ಅಲ್ಲಿಯೇ ಬರಿದಾಗುತ್ತದೆ. ಸಹ್ಯಾದ್ರಿ ದಾಟಿದ ಮೋಡ ನಮ್ಮ ಕಡೆಗೆ ಬರುವಷ್ಟರಲ್ಲಿ ಸೊರಗಿರುತ್ತದಲ್ಲ, ಅದರ ಇನ್ನೂ ಕಠಿಣವಾದ ರೂಪವಿದು. ಶ್ರೀನಗರದ ದಾರಿಯಲ್ಲಿ ಹೋಗುವವರು ಜೋಜಿ ಲಾ ಕಣಿವೆಮಾರ್ಗದಲ್ಲಿ ಈ ಬದಲಾವಣೆಯನ್ನು ಕಣ್ಣಾರೆ ನೋಡಬಹುದು. ಈಚೆ ದೇವದಾರು ಮತ್ತು ಹುಲ್ಲುಗಾವಲು, ಆಚೆ ಕಲ್ಲು ಮತ್ತು ಧೂಳು. ಜೋಜಿ ಲಾ 3,528 ಮೀಟರ್ ಮಾತ್ರ. ಮುಂದೆ ಅದೇ ಹೆದ್ದಾರಿಯಲ್ಲಿ ಸಿಗುವ ಫೋಟು ಲಾ 4,108 ಮೀಟರ್. ಆದರೂ ಹಿಮ ಬಿದ್ದು ದಾರಿ ಕಟ್ಟುವುದು ಜೋಜಿ ಲಾ ಬಳಿ. ತೇವವನ್ನೆಲ್ಲ ತಡೆದು ಇಳಿಸಿಕೊಳ್ಳುವ ಗೋಡೆ ಅದು. ಹಿಂದಿನ ಗೋಡೆಗಳು ಎತ್ತರವಾದರೂ ಅವುಗಳ ಪಾಲಿಗೆ ಉಳಿಯುವುದು ಕಡಿಮೆ.

ಹೋಗುವ ದಾರಿ ಯಾವುದಾದರೂ ಗೆರೆಗಳನ್ನು ಎಣಿಸುತ್ತ ಹೋಗುವ ಅಭ್ಯಾಸ ಮಾಡಿಕೊಳ್ಳಿ. ಮನಾಲಿಯಿಂದ ಹೊರಟರೆ ಅಟಲ್ ಸುರಂಗದಲ್ಲಿ ದಾಟುವುದು ಪೀರ್ ಪಂಜಾಲ್. ಅದು ನಮ್ಮ ಹಾಳೆಗೂ ಕೆಳಗಿನ ಗೆರೆ. ಬಾರಾಲಾಚ ಲಾ ದಾಟಿದಾಗ ಮಹಾ ಹಿಮಾಲಯ ಹಿಂದೆ ಬಿತ್ತು. ಲಾಚುಲುಂಗ್ ಲಾ, ತಂಗ್ಲಂಗ್ ಲಾ ಎರಡೂ ಝನ್ಸ್ಕಾರ್ ಶ್ರೇಣಿಯವು. ಉಪ್ಶಿ ಎಂಬಲ್ಲಿ ಸಿಂಧೂ ಸಿಕ್ಕಿತೆಂದರೆ ಎರಡನೆಯ ಸಾಲಿಗೆ ಇಳಿದಿದ್ದೀರಿ ಎಂದರ್ಥ. ದೆಹಲಿಯವರೆಗೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಹೋಗಿ ಅಲ್ಲಿಂದ ವಿಮಾನ ಹಿಡಿಯುವವರು ಬೆಳಗಿನ ವಿಮಾನದಲ್ಲಿ ಕಿಟಕಿಯ ಆಸನ ಕೇಳಿ ಪಡೆಯಲಿ. ಒಂದೂಕಾಲು ಗಂಟೆಯ ಆ ಪ್ರಯಾಣದ ಕೊನೆಯ ಅರ್ಧದಲ್ಲಿ ಗೆರೆಗಳು ಒಂದರ ಹಿಂದೆ ಒಂದು ಕೆಳಗೆ ಸರಿಯುತ್ತವೆ. ಭೂಗೋಳದ ಪಾಠಕ್ಕೆ ಅಷ್ಟು ಕೊಟ್ಟ ಹಣ ನಷ್ಟವಲ್ಲ.

ಹೆಸರೇ ಗುರುತು ಹೇಳುತ್ತದೆ

ನಮ್ಮಲ್ಲಿ ಊರ ಹೆಸರಿನ ಕೊನೆಯಲ್ಲಿ ಹಳ್ಳಿ, ಕೇರಾ, ವಾಡಿ ಇದ್ದಂತೆ ಅಲ್ಲಿಯ ಹೆಸರುಗಳಿಗೂ ಬಾಲವಿದೆ. ‘ಲಾ’ ಎಂದರೆ ಬೆಟ್ಟ ದಾಟುವ ಕಣಿವೆಮಾರ್ಗ. ಲಡಾಖ್ ಎಂಬ ಹೆಸರನ್ನೂ ಇಂಥ ಮಾರ್ಗಗಳ ನಾಡು ಎಂದೇ ಬಿಡಿಸುತ್ತಾರೆ. ‘ತ್ಸೋ’ ಸರೋವರ, ‘ಚು’ ನೀರು ಅಥವಾ ಹೊಳೆ, ‘ರಿ’ ಬೆಟ್ಟ, ‘ಕಾಂಗ್ರಿ’ ಹಿಮಬೆಟ್ಟ, ‘ಥಾಂಗ್’ ಬಯಲು. ‘ಸುಮ್ದೋ’ ಎಂದರೆ ಮೂರು ದಾರಿ ಅಥವಾ ಮೂರು ಕಣಿವೆ ಕೂಡುವ ಜಾಗ. ಆ ಹೆಸರಿನ ಠಾವುಗಳು ಹಲವಿರುವುದರಿಂದ ಯಾವ ಸುಮ್ದೋ ಎಂದು ಕೇಳಿಯೇ ಮುಂದುವರಿಯಬೇಕು. ‘ಗೊಂಪಾ’ ಬೌದ್ಧ ವಿಹಾರ, ‘ಚೋರ್ತೆನ್’ ಸ್ತೂಪ. ಇಷ್ಟು ಒಂಬತ್ತು ಮಾತು ತಿಳಿದರೆ ನಕ್ಷೆ ಅರ್ಧ ಓದಿದಂತೆ. ಖಾರ್ದುಂಗ್ ಲಾ ಎಂದು ಕೇಳಿದ ಕೂಡಲೇ ಅದು ಊರಲ್ಲ, ದಾಟುವ ಬೆಟ್ಟ ಎಂದೂ, ಸ್ಟೋಕ್ ಕಾಂಗ್ರಿ ಎಂದರೆ ವರ್ಷವಿಡೀ ಬೆಳ್ಳಗಿರುವ ಶಿಖರ ಎಂದೂ ಗೊತ್ತಾಗುತ್ತದೆ.

ದಾರಿಯ ಬದಿಯಲ್ಲಿ ಮಂತ್ರ ಕೆತ್ತಿದ ಚಪ್ಪಟೆ ಕಲ್ಲುಗಳನ್ನು ಎದೆಮಟ್ಟಕ್ಕೆ ಒಟ್ಟಿದ ಉದ್ದನೆಯ ಮಣಿ ಗೋಡೆಗಳು ಸಿಗುತ್ತವೆ. ಗೋಡೆ ಬಲಗೈ ಕಡೆಗೆ ಇರುವಂತೆ ದಾಟಬೇಕು. ನಮ್ಮ ಪ್ರದಕ್ಷಿಣೆಯ ಕ್ರಮವೇ ಅದು, ಹಾಗಾಗಿ ನೆನಪಿಡುವುದು ಕಷ್ಟವಲ್ಲ. ಮಣಿ ಗೋಡೆಯೂ ಚೋರ್ತೆನ್ನೂ ಕಂಡವೆಂದರೆ ಊರು ಹತ್ತಿರದಲ್ಲಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು.

ಲೇಹಿನಲ್ಲಿ ಎರಡು ದಿನ: ಕುಳಿತೇ ದಿಕ್ಕು ಕಲಿಯುವುದು

ಲೇಹಿನಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಸುಮಾರು ಮೂರನೆಯ ಎರಡು ಪಾಲು; ಖಾರ್ದುಂಗ್ ಲಾ ತಲುಪಿದರೆ ಅರ್ಧ. ವಿಮಾನದಲ್ಲಿ ಇಳಿದವರು ಕನಿಷ್ಠ ಎರಡು ದಿನ ಲೇಹಿನಲ್ಲಿಯೇ ಸುಮ್ಮನಿರಬೇಕು. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಹೆಚ್ಚುತ್ತ ಹೋದರೆ ಮೇಲೇರದೆ ಕೆಳಗಿಳಿಯುವುದೇ ಚಿಕಿತ್ಸೆ; ಮಾತ್ರೆಯ ವಿಚಾರವನ್ನು ಊರು ಬಿಡುವ ಮುನ್ನವೇ ವೈದ್ಯರಲ್ಲಿ ಕೇಳಿಟ್ಟುಕೊಳ್ಳಿ. ಎತ್ತರದ ಲೆಕ್ಕವನ್ನು ನಂಬದವರಿಗೆ ಅಡುಗೆಮನೆಯ ಸಾಕ್ಷಿಯಿದೆ. ಅಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ನಮ್ಮ ಗುಂಪಿನ ಹುಮನಾಬಾದಿನ ಗೆಳೆಯರು ಕಲಬುರಗಿಯ ತೊಗರಿಬೇಳೆ ಕಟ್ಟಿಕೊಂಡು ಬಂದಿದ್ದರು. ತೆರೆದ ಪಾತ್ರೆಯಲ್ಲಿ ಒಂದೂವರೆ ಗಂಟೆ ಬೆಂದರೂ ಬೇಳೆ ಕಾಳುಕಾಳಾಗಿಯೇ ಉಳಿಯಿತು. ಕೊನೆಗೆ ಅತಿಥಿಗೃಹದ ಅಮ್ಮನವರು ತಮ್ಮ ಕುಕ್ಕರ್ ಕೊಟ್ಟರು. ಮನೆಯಿಂದ ಒಯ್ದಿದ್ದ ಶೇಂಗಾ ಚಟ್ನಿಯ ಪೊಟ್ಟಣ ಚೆಂಡಿನಂತೆ ಉಬ್ಬಿತ್ತು. ಕಟಕ ರೊಟ್ಟಿ ಮಾತ್ರ ಆ ಒಣಹವೆಯಲ್ಲಿ ಹದಿನೈದು ದಿನವಾದರೂ ಮೆತ್ತಗಾಗಲಿಲ್ಲ. ಒಯ್ಯುವುದಾದರೆ ಅದನ್ನೇ ಒಯ್ಯಿರಿ.

ಈ ಎರಡು ದಿನಗಳನ್ನು ದಿಕ್ಕು ಕಲಿಯಲು ಬಳಸಿಕೊಳ್ಳಿ. ಬೀದರಿನಲ್ಲಿ ದಾರಿ ತಪ್ಪಿದವರು ಚೌಬಾರ ಗೋಪುರ ಎಲ್ಲಿದೆ ಎಂದು ಕತ್ತೆತ್ತಿ ನೋಡುವಂತೆ ಲೇಹಿನಲ್ಲಿ ಪೇಟೆಯ ಮೇಲೆ ಎದ್ದು ನಿಂತ ಅರಮನೆಯನ್ನು ನೋಡಬೇಕು. 17ನೆಯ ಶತಮಾನದಲ್ಲಿ ಸೆಂಗೆ ನಮ್‌ಗ್ಯಾಲ್ ದೊರೆ ಕಟ್ಟಿಸಿದ ಒಂಬತ್ತು ಅಂತಸ್ತಿನ ಮಣ್ಣಿನ ಬಣ್ಣದ ಕಟ್ಟಡವದು. ಅದರ ಮೇಲಿನ ಗುಡ್ಡದ ತುದಿಯಲ್ಲಿ ತ್ಸೆಮೋ ಗೊಂಪಾ. ಪೇಟೆಯ ವಾಯವ್ಯಕ್ಕೆ, ಇನ್ನೊಂದು ಗುಡ್ಡದ ಮೇಲೆ, 1991ರಲ್ಲಿ ಪೂರ್ತಿಯಾದ ಬಿಳಿಯ ಶಾಂತಿ ಸ್ತೂಪ. ದಕ್ಷಿಣಕ್ಕೆ, ಸಿಂಧೂ ಕಣಿವೆಯ ಆಚೆ ದಡದಲ್ಲಿ, 6,153 ಮೀಟರಿನ ಸ್ಟೋಕ್ ಕಾಂಗ್ರಿ. ಅರಮನೆ, ಸ್ತೂಪ, ಸ್ಟೋಕ್ ಕಾಂಗ್ರಿ ಈ ಮೂರರಲ್ಲಿ ಎರಡು ಕಂಡರೂ ನೀವು ಎಲ್ಲಿದ್ದೀರಿ ಎಂದು ಹೇಳಬಹುದು. ಇನ್ನೂ ಸುಲಭವಾದ ಉಪಾಯವೊಂದಿದೆ. ಲೇಹ್ ಊರು ನದಿಯ ದಂಡೆಯಲ್ಲಿಲ್ಲ; ಖಾರ್ದುಂಗ್ ಲಾ ಕಡೆಯಿಂದ ಇಳಿಯುವ ತೊರೆ ಹಾಸಿದ ಇಳಿಜಾರಿನ ಮೇಲಿದೆ. ಆದ್ದರಿಂದ ಬೀದಿ ಏರುತ್ತಿದ್ದರೆ ಉತ್ತರ, ಇಳಿಯುತ್ತಿದ್ದರೆ ದಕ್ಷಿಣ. ಚರಂಡಿಯ ನೀರು ನೋಡಿದರೂ ಸಾಕು.

ಈ ಇಳಿಜಾರಿನ ಮಾತು ಲೇಹಿಗಷ್ಟೇ ಸೀಮಿತವಲ್ಲ, ಲಡಾಖಿನ ಊರುಗಳೆಲ್ಲದರ ಒಳಗುಟ್ಟು ಅದೇ. ಪಕ್ಕದ ಕಂದಕದಿಂದ ಹಿಮದ ನೀರು ಇಳಿದು, ಹೊತ್ತು ತಂದ ಮಣ್ಣನ್ನು ಬೀಸಣಿಗೆಯ ಆಕಾರದಲ್ಲಿ ಹರವುತ್ತದೆ. ಆ ಬೀಸಣಿಗೆಯ ಮೇಲೆ ಮಾತ್ರ ಜವೆಗೋಧಿಯ ಹೊಲ, ವಿಲ್ಲೋ ಮತ್ತು ಪಾಪ್ಲರ್ ಮರ, ಮನೆ. ಅದರಾಚೆ ಒಂದು ಗರಿಕೆಯೂ ಇಲ್ಲ. ದೂರದಿಂದ ಹಸುರು ತೇಪೆ ಕಂಡರೆ ಅದರ ಹಿಂದೆ ತೊರೆಯಿದೆ, ತೊರೆಯ ತಲೆಯಲ್ಲಿ ಹಿಮವಿದೆ ಎಂದು ಕಣ್ಣುಮುಚ್ಚಿ ಹೇಳಬಹುದು. ನೀರನ್ನು ‘ಯುರಾ’ ಎಂಬ ಕಾಲುವೆಗಳಲ್ಲಿ ಹರಿಸುತ್ತಾರೆ, ‘ಝಿಂಗ್’ ಎಂಬ ಕೊಳದಲ್ಲಿ ರಾತ್ರಿಯ ನೀರನ್ನು ತುಂಬಿಸಿಡುತ್ತಾರೆ, ಯಾರ ಹೊಲಕ್ಕೆ ಯಾವಾಗ ಎಂದು ನಿರ್ಧರಿಸುವವನು ‘ಚುರ್ಪೋನ್’. ಬಹಮನಿಗಳ ಕಾಲದಲ್ಲಿ ಬೀದರಿನ ಜಂಬಿಟ್ಟಿಗೆಯ ನೆಲದೊಳಗೆ ಸುರಂಗ ಕೊರೆದು ನೀರು ತಂದ ನೌಬಾದಿನ ಕರೇಜ್ ನೋಡಿದವರಿಗೆ ಇಂಥ ವ್ಯವಸ್ಥೆ ಹೊಸದೆನಿಸದು. ನಮ್ಮವರು ನೆಲದಡಿಯ ನೀರನ್ನು ಹುಡುಕಿದರು, ಅವರು ತಲೆಯ ಮೇಲಿನ ಹಿಮವನ್ನು ನಂಬಿದರು.

ಬೀಸಣಿಗೆಯ ಇನ್ನೊಂದು ಮುಖವನ್ನೂ ತಿಳಿದಿರಬೇಕು. 2010ರ ಆಗಸ್ಟ್ 6ರ ನಸುಕಿನಲ್ಲಿ ಲೇಹಿನ ಮೇಲೆ ಸುರಿದ ಮಳೆಗೆ ಇದೇ ಒಣ ಕಂದಕಗಳಿಂದ ಕೆಸರು ನುಗ್ಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಹಿಡಿದಿಡಲು ಬೇರೇ ಇಲ್ಲದ ಮಣ್ಣು ಅದು. ಒಣಗಿದ ಹಳ್ಳದ ಹಾಸಿನಲ್ಲಿ, ಎಷ್ಟೇ ಸಮತಟ್ಟಾಗಿ ಕಂಡರೂ, ಡೇರೆ ಹಾಕಬೇಡಿ.

ಸಿಂಧೂವಿನ ಎರಡು ದಡ, ಎರಡು ಬಣ್ಣ

ಸಿಂಧೂ ಆಗ್ನೇಯದಿಂದ ವಾಯವ್ಯಕ್ಕೆ ಹರಿಯುತ್ತದೆ. ಹರಿವಿನ ಕಡೆ ಮುಖಮಾಡಿ ನಿಂತರೆ ಬಲಗಡೆ ಲಡಾಖ್ ಶ್ರೇಣಿ, ಎಡಗಡೆ ಝನ್ಸ್ಕಾರ್ ಶ್ರೇಣಿ. ಇಷ್ಟೇ ಗೊತ್ತಿದ್ದರೆ ಸಾಲದು, ಕಲ್ಲಿನ ಬಣ್ಣವನ್ನೂ ನೋಡಿ. ಬಲದಂಡೆಯ ಬೆಟ್ಟಗಳು ಬೂದು-ಬಿಳಿ ಗ್ರಾನೈಟಿನವು. ಯಾದಗಿರಿ ಕೋಟೆಯ ಗುಡ್ಡ ಹತ್ತಿದವರಿಗೆ ಆ ಗುಂಡುಬಂಡೆಗಳ ಪರಿಚಯ ಹೇಳಬೇಕಿಲ್ಲ. ವಯಸ್ಸಿನಲ್ಲಿ ಮಾತ್ರ ಅಜಗಜಾಂತರ: ನಮ್ಮ ಗ್ರಾನೈಟು ಸುಮಾರು 250 ಕೋಟಿ ವರ್ಷದ್ದು, ಅಲ್ಲಿಯದು ಕೆಲವೇ ಕೋಟಿ ವರ್ಷದ ಕೂಸು. ಎಡದಂಡೆಯಲ್ಲಿ ನೇರಳೆ, ಕೆಂಪು, ಹಸುರು ಛಾಯೆಯ ಪದರಗಲ್ಲುಗಳು ಬುಡ ಮೇಲಾಗಿ ನಿಂತಿವೆ. ಉಪ್ಶಿಯಿಂದ ತಂಗ್ಲಂಗ್ ಲಾ ಕಡೆಗೆ ಹೊರಳಿದ ದಾರಿಯಲ್ಲಿ ಈ ಬಣ್ಣಗಳು ಕಾರಿನ ಕಿಟಕಿಗೇ ತಾಗುವಷ್ಟು ಹತ್ತಿರ ಬರುತ್ತವೆ. ದಕ್ಷಿಣದಿಂದ ಸರಿದು ಬಂದ ಭಾರತದ ಭೂಫಲಕ ಏಷ್ಯಾಕ್ಕೆ ಡಿಕ್ಕಿ ಹೊಡೆದು ಬೆಸೆದುಕೊಂಡ ಹೊಲಿಗೆ ಈ ಕಣಿವೆಯ ಗುಂಟ ಹಾಯ್ದಿದೆ. ನಡುವಿದ್ದ ಟೆಥಿಸ್ ಸಮುದ್ರದ ತಳದ ಕೆಸರು, ಸುಣ್ಣ ಎಲ್ಲವೂ ಝನ್ಸ್ಕಾರಿನ ಬೆಟ್ಟಗಳಲ್ಲಿ ಮಡಿಕೆಮಡಿಕೆಯಾಗಿ ಮೇಲೆದ್ದಿವೆ. ಮನೆಯಂಗಳಕ್ಕೆ ಹಾಸುವ ಶಹಾಬಾದಿ ಕಲ್ಲೂ ಪುರಾತನ ಸಮುದ್ರದ ತಳವೇ. ನಮ್ಮಲ್ಲಿ ಅದು ಹಾಸಿಟ್ಟಂತೆ ಮಲಗಿದೆ, ಅಲ್ಲಿ ಕಾದ ಎಣ್ಣೆಗೆ ಹಾಕಿದ ಹಪ್ಪಳದಂತೆ ಸುರುಳಿಗಟ್ಟಿದೆ.

ಲೇಹಿನಿಂದ ಮೇಲುಗಡೆ, ಅಂದರೆ ಆಗ್ನೇಯಕ್ಕೆ, ಶೇ ಮತ್ತು ಥಿಕ್ಸೆ ಬಲದಂಡೆಯಲ್ಲಿವೆ. ಥಿಕ್ಸೆ ಗೊಂಪಾ ಗುಡ್ಡದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕುಳಿತಿರುವುದರಿಂದ ಹತ್ತಾರು ಕಿಲೋಮೀಟರಿನಿಂದ ಕಾಣುತ್ತದೆ. ಹೆಮಿಸ್ ಎಡದಂಡೆಯಲ್ಲಿದೆ, ಲಡಾಖಿನ ದೊಡ್ಡ ಸಿರಿವಂತ ವಿಹಾರವದು. ಆದರೆ ಪಕ್ಕದ ಕಂದಕದೊಳಗೆ ಅಡಗಿಕೊಂಡಿರುವುದರಿಂದ ಹೆದ್ದಾರಿಯಿಂದ ಕಾಣುವುದೇ ಇಲ್ಲ. ಕಾಣಿಸುವುದನ್ನು ಗುರುತಾಗಿಟ್ಟುಕೊಳ್ಳಿ, ಕಾಣಿಸದ್ದನ್ನು ತಿರುವಿನ ಫಲಕದಿಂದ ಹಿಡಿಯಿರಿ.

ಕೆಳಗಡೆ, ಪಶ್ಚಿಮಕ್ಕೆ ಹೊರಟರೆ ಸುಮಾರು 35 ಕಿಲೋಮೀಟರಿನಲ್ಲಿ ನಿಮ್ಮು. ಅದಕ್ಕೂ ಮುಂಚೆ ‘ಮ್ಯಾಗ್ನೆಟಿಕ್ ಹಿಲ್’ ಎಂಬ ಫಲಕ ಬರುತ್ತದೆ. ಅಲ್ಲಿ ಆಯಸ್ಕಾಂತವೇನೂ ಇಲ್ಲ, ಸುತ್ತಲಿನ ಇಳಿಜಾರುಗಳ ನಡುವೆ ಇಳಿತ ಏರಾಗಿ ಕಾಣುವ ಕಣ್ಣಿನ ಭ್ರಮೆ ಅಷ್ಟೆ, ಹತ್ತು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ಉಳಿಸಿದ ಹೊತ್ತನ್ನು ನಿಮ್ಮು ಸಂಗಮಕ್ಕೆ ಕೊಡಿ. ಹಾಳೆಯ ಮೊದಲ ಸಾಲಿನಲ್ಲಿ ಹುಟ್ಟಿದ ಝನ್ಸ್ಕಾರ್ ನದಿ ಎರಡನೆಯ ದಿಂಡನ್ನೇ ಸೀಳಿಕೊಂಡು ಬಂದು ಇಲ್ಲಿ ಸಿಂಧೂವನ್ನು ಸೇರುತ್ತದೆ. ಬೇಸಿಗೆಯಲ್ಲಿ ಹಿಮ ಕರಗಿ ಝನ್ಸ್ಕಾರ್ ಕೆಸರಾಗಿ ಬರುತ್ತದೆ, ಸಿಂಧೂ ಅದಕ್ಕಿಂತ ತಿಳಿಯಾಗಿರುತ್ತದೆ, ಎರಡೂ ಬಣ್ಣ ಸ್ವಲ್ಪ ದೂರ ಒಂದರ ಪಕ್ಕ ಒಂದು ಹೋಗುತ್ತವೆ. ಮೇಲಿನ ರಸ್ತೆಯಿಂದ ನೋಡಿದಾಗ ನೇರವಾಗಿ ದೊಡ್ಡದಾಗಿ ಬರುವುದೇ ಸಿಂಧೂ ಎಂದು ನಾನು ಮೊದಲ ಸಲ ತಪ್ಪು ತಿಳಿದಿದ್ದೆ. ಆ ದಿನಗಳಲ್ಲಿ ದೊಡ್ಡದಾಗಿ ಕಂಡದ್ದು ಉಪನದಿ. ಬೆಟ್ಟವನ್ನು ಸೀಳಿಕೊಂಡು ದಕ್ಷಿಣದ ಕಂದಕದಿಂದ ಬರುವುದು ಝನ್ಸ್ಕಾರ್ ಎಂದು ನೆನಪಿಟ್ಟರೆ ತಪ್ಪಾಗದು. ಕಲಬುರಗಿಯವರು ಆ ಕಂದಕದ ಮೇಲ್ಮೊಗ ನೋಡಿದರೆ ತಮ್ಮ ರೇಖಾಂಶದ ಪದುಮ್ ಆ ಹೊಳೆಯ ತಲೆಯಲ್ಲಿದೆ.

ಮುಂದೆ ಆಲ್ಚಿ. ಉಳಿದ ಗೊಂಪಾಗಳು ಗುಡ್ಡದ ತಲೆಯ ಮೇಲಿದ್ದರೆ ಆಲ್ಚಿಯದು ಎಡದಂಡೆಯ ಸಮತಟ್ಟು ನೆಲದಲ್ಲಿ, ಮರಗಳ ಮರೆಯಲ್ಲಿದೆ. ಹೆದ್ದಾರಿ ಬಿಟ್ಟು ಸೇತುವೆ ದಾಟಬೇಕು. ಖಲ್ತ್ಸೆಯ ಬಳಿ ಹೆದ್ದಾರಿ ಸಿಂಧೂವನ್ನು ಬಿಟ್ಟು ಎಡಕ್ಕೆ ಏರುತ್ತದೆ, ಲಾಮಾಯುರು ಬರುತ್ತದೆ. ಅಲ್ಲಿ ಅರಿಸಿನ ಬಣ್ಣದ ಮೆತ್ತನೆಯ ಮಣ್ಣು ಗಾಳಿ-ನೀರಿಗೆ ಕೊರೆದು ಹುತ್ತಗಳಂತೆ ನಿಂತಿದೆ. ಚಂದ್ರಲೋಕ ಎಂದು ಫಲಕ ಹಾಕಿದ್ದಾರೆ. ವಾಸ್ತವದಲ್ಲಿ ಅದು ಎಂದೋ ಬತ್ತಿದ ಸರೋವರದ ತಳದ ಹೂಳು. ನಮ್ಮ ಕೆರೆ ಒಣಗಿದಾಗ ಬಿರಿಯುವ ಮಣ್ಣನ್ನು ನೂರು ಪಟ್ಟು ಎತ್ತರ ಮಾಡಿಕೊಂಡರೆ ಹೇಗೋ ಹಾಗೆ.

ಖಾರ್ದುಂಗ್ ಲಾ ದಾಟಿ ನುಬ್ರಾ

ಲೇಹಿನ ನಂತರ ಮೊದಲು ನುಬ್ರಾಕ್ಕೆ ಹೋಗುವುದು ಜಾಣತನ, ಏಕೆಂದರೆ ನಡುವಿನ ಬೆಟ್ಟ ಎತ್ತರವಾದರೂ ಮಲಗುವ ಊರು ಲೇಹಿಗಿಂತ ತಗ್ಗಿನಲ್ಲಿದೆ. ಖಾರ್ದುಂಗ್ ಲಾ ಮೇಲೆ ಬಹುಕಾಲ 18,380 ಅಡಿ ಎಂಬ ಫಲಕವಿತ್ತು; ಈಚಿನ ಅಳತೆಗಳ ಪ್ರಕಾರ ಅದು 5,359 ಮೀಟರ್, ಅಂದರೆ ಸುಮಾರು 17,582 ಅಡಿ. ಹಾನ್ಲೆಯ ಆಚೆಗಿನ ಉಮ್ಲಿಂಗ್ ಲಾ ರಸ್ತೆ 19,024 ಅಡಿಯಲ್ಲಿರುವಾಗ ಹಳೆಯ ಫಲಕದ ಬಗ್ಗೆ ಜಗಳಾಡುವ ಅಗತ್ಯವೂ ಉಳಿದಿಲ್ಲ. ಮೇಲೆ ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ. ನಿಂತಷ್ಟು ಹೊತ್ತು ಎರಡೂ ಕಡೆ ನೋಡಿ: ದಕ್ಷಿಣಕ್ಕೆ ಇಳಿದ ಹನಿ ಸಿಂಧೂವಿಗೆ, ಉತ್ತರಕ್ಕೆ ಇಳಿದದ್ದು ಶ್ಯೋಕಿಗೆ. ಬೀದರಿನ ಕಾರಂಜಾ ನೀರು ಮಾಂಜ್ರಾ ಸೇರಿ ಗೋದಾವರಿಗೆ, ಕಲಬುರಗಿಯ ಕಾಗಿಣಾ, ಬೆಣ್ಣೆತೊರೆಗಳ ನೀರು ಭೀಮೆಯ ಮೂಲಕ ಕೃಷ್ಣೆಗೆ ಹೋಗುತ್ತದೆ. ಆ ಗಡಿಯನ್ನು ನಾವು ಬಸ್ಸಿನಲ್ಲಿ ತೂಕಡಿಸುತ್ತಲೇ ದಾಟಿಬಿಡುತ್ತೇವೆ. ಅಲ್ಲಿ ಗಡಿ ಕಣ್ಣೆದುರು ನಿಲ್ಲುತ್ತದೆ.

ಶ್ಯೋಕ್ ಒಂದು ವಿಚಿತ್ರ ನದಿ. ಕಾರಕೋರಂ ಹಿಮನದಿಯಲ್ಲಿ ಹುಟ್ಟಿ ಮೊದಲು ಆಗ್ನೇಯಕ್ಕೆ ಹರಿದು, ಬೆಟ್ಟ ಅಡ್ಡ ಬಂದಾಗ ಹೇರ್‌ಪಿನ್ನಿನಂತೆ ತಿರುಗಿ ವಾಯವ್ಯಕ್ಕೆ ಹೊರಡುತ್ತದೆ. ಸಿಯಾಚಿನ್ ಕಡೆಯ ನುಬ್ರಾ ನದಿ ಡಿಸ್ಕಿಟ್ ಬಳಿ ಅದನ್ನು ಕೂಡುತ್ತದೆ. ಡಿಸ್ಕಿಟ್ಟಿನ 32 ಮೀಟರ್ ಎತ್ತರದ ಮೈತ್ರೇಯ ಬುದ್ಧನ ಮೂರ್ತಿ ಇಡೀ ಕಣಿವೆಗೆ ಗುರುತುಗಂಬವಿದ್ದಂತೆ. ಹುಂಡರಿನ ಮರಳುದಿಬ್ಬಗಳು ಹೊಳೆ ತಂದ ಮರಳನ್ನು ಗಾಳಿ ಎತ್ತಿ ಒಟ್ಟಿದವು. ಅಲ್ಲಿಯ ಎರಡು ಡುಬ್ಬದ ಒಂಟೆಗಳು ಮಧ್ಯ ಏಷ್ಯಾದ ಯಾರ್ಕಂದಿನ ವ್ಯಾಪಾರಿಗಳ ಕಾಲದ ಉಳಿಕೆ. ಇನ್ನೂ ಕೆಳಗೆ ಬಾಲ್ಟಿ ಜನರ ತುರ್ತುಕ್, 1971ರ ಯುದ್ಧದಲ್ಲಿ ಭಾರತಕ್ಕೆ ಸೇರಿದ ಊರು. ಅದರಾಚೆಯ ಥಾಂಗ್ ಊರು ದಾಟಿದರೆ ದಾರಿ ನಮಗಿಲ್ಲ.

ಸಾಲುಗಳು ತುಂಬಿಹೋದ ಕಡೆ: ಚಾಂಗ್ಥಾಂಗ್

ಹಾಳೆಯ ಬಲ ಕೆಳಮೂಲೆಗೆ ಬಂದರೆ ಸಾಲುಗಳ ಆಳ ಕಡಿಮೆಯಾಗಿ ನೆಲವೇ ಮೇಲೇಳುತ್ತದೆ. ಇದು ಚಾಂಗ್ಥಾಂಗ್, ಉತ್ತರದ ಬಯಲು. ಬಹುಪಾಲು 4,300 ಮೀಟರಿಗಿಂತ ಮೇಲೆ. ಪಶ್ಮೀನಾ ಮೇಕೆ ಸಾಕುವ ಚಾಂಗ್ಪಾ ಜನ ಯಾಕಿನ ಕೂದಲಿನ ಡೇರೆಗಳಲ್ಲಿ ಊರೂರು ಸರಿಯುವುದರಿಂದ ಡೇರೆಯನ್ನು ಗುರುತಾಗಿಟ್ಟುಕೊಳ್ಳುವಂತಿಲ್ಲ. ಇಲ್ಲಿಯ ಬಹಳಷ್ಟು ನೀರಿಗೆ ಸಮುದ್ರದ ದಾರಿ ಗೊತ್ತಿಲ್ಲ, ತಗ್ಗಿನಲ್ಲಿ ನಿಂತು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. 134 ಕಿಲೋಮೀಟರ್ ಉದ್ದದ ಪ್ಯಾಂಗಾಂಗ್ ತ್ಸೋ ಇಂಥದ್ದೇ. ಅದರ ಸುಮಾರು ಮೂರನೆಯ ಒಂದು ಪಾಲು ನಮ್ಮ ಕಡೆ, ಉಳಿದದ್ದು ಟಿಬೆಟ್ಟಿನ ಕಡೆ. ಹಿಂದೊಮ್ಮೆ ಅದರ ನೀರು ಶ್ಯೋಕಿಗೆ ಹರಿಯುತ್ತಿತ್ತು, ಬಾಯಿ ಮುಚ್ಚಿಹೋಯಿತು. ತ್ಸೋ ಕರ್ ದಂಡೆಯಲ್ಲಿ ನಿಂತು ಸುತ್ತಲಿನ ದಿಬ್ಬಗಳನ್ನು ದಿಟ್ಟಿಸಿದರೆ ಸ್ನಾನದ ತೊಟ್ಟಿಯ ಕಲೆಯಂತೆ ಅಡ್ಡಗೆರೆಗಳು ಕಾಣುತ್ತವೆ. ಸರೋವರ ಒಂದು ಕಾಲಕ್ಕೆ ಅಷ್ಟು ಎತ್ತರಕ್ಕೆ ತುಂಬಿತ್ತು. ತ್ಸೋ ಮೊರಿರಿ 4,522 ಮೀಟರಿನಲ್ಲಿದೆ, 2002ರಲ್ಲಿ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಕಪ್ಪು ಕೊರಳಿನ ಕೊಕ್ಕರೆ ಮರಿ ಮಾಡುವ ಜೌಗುಗಳು ಈ ಎರಡೂ ಕಡೆ ಇವೆ, ಅಂಚಿಗೆ ವಾಹನ ಇಳಿಸಬಾರದು.

ಈ ಬಯಲಿನಲ್ಲಿ ಹೊಸಬರು ಸೋಲುವುದು ದೂರದ ಅಂದಾಜಿನಲ್ಲಿ. ಗಾಳಿ ತೆಳು, ಧೂಳು ತೇವ ಕಡಿಮೆ, ಅಳತೆಗೆ ಒಂದು ಮರವೂ ಇಲ್ಲ. ಹಾಗಾಗಿ ಎಲ್ಲವೂ ಹತ್ತಿರ ಕಾಣುತ್ತದೆ. ಒಂದು ಬೆಳಿಗ್ಗೆ ಎದುರು ದಿಬ್ಬದಲ್ಲಿ ಬಿಳಿಯ ಚೋರ್ತೆನ್ ಕಂಡಿತು.

‘ಎಷ್ಟು ದೂರ ಅದರೀ ಸರ?’ ಎಂದರು ಹುಮನಾಬಾದಿನವರು.

‘ಅರ್ಧ ತಾಸಿನ ದಾರಿ ನೋಡ್ರಿ’ ಎಂದೆ, ಮಾಸ್ತರಿಕೆಯ ಭರವಸೆಯಿಂದ.

ತಲುಪಲು ಎರಡು ತಾಸಾಯಿತು. ಅದಕ್ಕಿಂತ ಕೆಟ್ಟದ್ದೆಂದರೆ, ಹೋಗುವಾಗ ಪಾದ ಮುಳುಗುವಷ್ಟಿದ್ದ ತೊರೆ ಮಧ್ಯಾಹ್ನ ಮರಳುವಾಗ ಮೊಣಕಾಲು ಮೀರಿ ಹರಿಯುತ್ತಿತ್ತು. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ ನೀರು ಏರಿತ್ತು. ಮಂಜಿನಂಥ ಆ ನೀರಿನಲ್ಲಿ ಕೈ ಕೈ ಹಿಡಿದು ದಾಟಿದೆವು, ಅವರ ಒಂದು ಚಪ್ಪಲಿ ತೊರೆಯ ಪಾಲಾಯಿತು. ಅಂದಿನಿಂದ ನನ್ನ ಲೆಕ್ಕ ಹೀಗಿದೆ: ಕಣ್ಣು ಹೇಳಿದ ದೂರವನ್ನು ಮೂರರಿಂದ ಗುಣಿಸಬೇಕು, ನೀರು ದಾಟುವ ಕೆಲಸವನ್ನು ಬೆಳಗಿನ ಹತ್ತರೊಳಗೆ ಮುಗಿಸಬೇಕು, ಮನುಷ್ಯನೋ ಯಾಕೋ ಪಕ್ಕದಲ್ಲಿ ಕಾಣಿಸದ ಹೊರತು ಯಾವ ಗುಡ್ಡದ ಗಾತ್ರವನ್ನೂ ನಂಬಬಾರದು. ಬಯಲಿನಲ್ಲಿ ಚಕ್ರದ ಜಾಡುಗಳು ಹತ್ತು ದಿಕ್ಕಿಗೆ ಕವಲೊಡೆದಾಗ ಹೊಸ ಜಾಡಲ್ಲ, ಹೆಚ್ಚು ಆಳವಾದ ಜಾಡನ್ನು ಹಿಡಿಯಬೇಕೆಂದು ನಮ್ಮ ಚಾಲಕರು ಕಲಿಸಿದರು.

ನುಬ್ರಾ, ಪ್ಯಾಂಗಾಂಗ್, ತ್ಸೋ ಮೊರಿರಿ, ಹಾನ್ಲೆ ಎಲ್ಲವೂ ಗಡಿಯ ಸಮೀಪದವು. ಅನುಮತಿ ಮತ್ತು ಪರಿಸರ ಶುಲ್ಕದ ನಿಯಮಗಳು ಬದಲಾಗುತ್ತಿರುವುದರಿಂದ ಲೇಹ್ ಆಡಳಿತದ ಜಾಲತಾಣದಲ್ಲಿ ಆ ವಾರದ ಸ್ಥಿತಿಯನ್ನು ನೋಡಿ, ಗುರುತಿನ ಚೀಟಿಯ ನಾಲ್ಕಾರು ಪ್ರತಿ ಇಟ್ಟುಕೊಳ್ಳಿ.

ಹಾನ್ಲೆಯನ್ನು ಕೊನೆಗೆ ಇಟ್ಟುಕೊಳ್ಳಿ, ಏಕೆಂದರೆ ಸುಮಾರು 4,300 ಮೀಟರಿನಲ್ಲಿ ರಾತ್ರಿ ಕಳೆಯಲು ದೇಹ ನಾಲ್ಕೈದು ದಿನ ಹದಗೊಂಡಿರಬೇಕು. ಗೊಂಪಾ ಇರುವ ಗುಡ್ಡದ ಎದುರಿನ ಬೆಟ್ಟದ ಮೇಲೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿಯ ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಮ್ಮ ಹೊಸಕೋಟೆಯಿಂದಲೇ ನಡೆಸುತ್ತಾರೆ. 2022ರ ಡಿಸೆಂಬರಿನಲ್ಲಿ ಸುತ್ತಲಿನ ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ಎಂದು ಅಧಿಸೂಚಿಸಲಾಗಿದೆ. ರಾತ್ರಿ ವಾಹನದ ದೊಡ್ಡ ದೀಪ ಉರಿಸುವಂತಿಲ್ಲ, ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಳ್ಳಿ.

ಅಲ್ಲಿ ಮಾಡಬೇಕಾದ ಕೊನೆಯ ಅಳತೆ ಒಂದಿದೆ, ಅದನ್ನು ಊರಿನಲ್ಲಿಯೇ ಆರಂಭಿಸಬೇಕು. ಹೊರಡುವ ಹಿಂದಿನ ರಾತ್ರಿ ಮಾಳಿಗೆ ಹತ್ತಿ, ಕೈ ನೀಟಾಗಿ ಚಾಚಿ, ಮುಷ್ಟಿ ಕಟ್ಟಿ, ದಿಗಂತದಿಂದ ಧ್ರುವನಕ್ಷತ್ರದವರೆಗೆ ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಎಣಿಸಿ. ಒಂದು ಮುಷ್ಟಿ ಸುಮಾರು ಹತ್ತು ಡಿಗ್ರಿ. ಬೀದರಿನ ಅಕ್ಷಾಂಶ 18 ಡಿಗ್ರಿಗೆ ಒಂದಿಷ್ಟು ಕಡಿಮೆ ಇರುವುದರಿಂದ ಎರಡು ಮುಷ್ಟಿ ತುಂಬುವುದಿಲ್ಲ. ಬೆಳಕಿನ ಮಬ್ಬಿನಲ್ಲಿ ನಕ್ಷತ್ರ ಸಿಗದಿದ್ದರೆ ಊರ ಹೊರಗಿನ ಹೊಲಕ್ಕೆ ಹೋಗಿ. ಹಾನ್ಲೆಯಲ್ಲಿ ಅದೇ ಕೈ, ಅದೇ ಮುಷ್ಟಿಯಿಂದ ಎಣಿಸಿದರೆ ಮೂರು ದಾಟಿ ಇನ್ನೂ ಎರಡು ಬೆರಳು ಉಳಿಯುತ್ತದೆ. ಕೈಗವಸು ಹಾಕಿಕೊಂಡು ಎಣಿಸಬೇಡಿ, ಮುಷ್ಟಿ ದಪ್ಪವಾಗಿ ಲೆಕ್ಕ ತಪ್ಪುತ್ತದೆ. ನಮ್ಮ ಹುಮನಾಬಾದಿನ ಗೆಳೆಯರು ಹಾಗೆ ಎಣಿಸಿ ಇನ್ನೂ ಗ್ವಾಲಿಯರಿನಲ್ಲೇ ಇದ್ದೇವೆಂದು ಸಾಧಿಸಿದ್ದರು.